ಕಾಯುವ ಪಟ್ಟಿಯಲ್ಲಿ ನಾಲ್ಕನೆಯವಳು

ಫಾರ್ಮಸಿ ಕಾಲೇಜಿನಲ್ಲಿ ಇದ್ದದ್ದು ನಲವತ್ತು ಸೀಟು. ನನ್ನ ಸಂಖ್ಯೆ ನಲವತ್ನಾಲ್ಕು, ಅಂದರೆ ಕಾಯುವ ಪಟ್ಟಿಯಲ್ಲಿ ನಾಲ್ಕನೆಯವಳು. ಮೊದಲ ನಲವತ್ತರಲ್ಲಿ ನಾಲ್ವರು ಬುದ್ಧಿ ಕೆಟ್ಟು ಬೇರೆ ಕಡೆ ಹೋದರೆ ನನಗೆ ಜಾಗ. ಆ ಹದಿನೈದು ದಿನವೂ ನಾನು ಮುಖ ನೋಡಿರದ ಆ ಜನಕ್ಕೆ ಒಳ್ಳೆಯದನ್ನೇ ಬಯಸಿದೆ. ದೇವರೇ, ಇವರಲ್ಲಿ ನಾಲ್ವರಿಗೆ ಡಾಕ್ಟರ್ ಸೀಟು ಸಿಗಲಿ. ಅದಾಗದಿದ್ದರೆ ಮದುವೆಯಾದರೂ ಆಗಲಿ, ದೂರದ ಊರಿನವರ ಜೊತೆ.

ಪ್ರವೇಶ ಪರೀಕ್ಷೆಯನ್ನು ಮೂರೇ ಸಲ ಬರೆಯಬಹುದು ಅಂತ ನಿಯಮ. ನನ್ನದು ಮೂರನೆಯ ಸಲ. ಮೊದಲ ವರ್ಷ ಭೌತಶಾಸ್ತ್ರ ಕೈಕೊಟ್ಟಿತು. ಎರಡನೆಯ ವರ್ಷ ಪರೀಕ್ಷೆಯ ದಿನ ಬೆಳಿಗ್ಗೆ ಮೈ ಕೆಂಡದಂತಾಗಿ ಮೇಲೇಳಲಾಗಲಿಲ್ಲ. ಔಷಧಿ ಅಂಗಡಿಯವನ ಮಗಳಿಗೆ ಜ್ವರ ಬಂದು ಪರೀಕ್ಷೆ ತಪ್ಪಿತಂತೆ ಅಂತ ನಗುವವರು ನಕ್ಕರು. ಈ ಸಲ ಲಿಖಿತ ಪರೀಕ್ಷೆಯಲ್ಲಿ ಇಪ್ಪತ್ತೊಂದನೆಯವಳಾಗಿ ಬಂದಿದ್ದೆ. ಆಮೇಲೆ ಇಪ್ಪತ್ತು ಅಂಕದ ಸಂದರ್ಶನ. ಅದರಲ್ಲಿ ನನಗೆ ಬಿದ್ದದ್ದು ಮೂರು. ಇಪ್ಪತ್ತೊಂದರಿಂದ ನಲವತ್ನಾಲ್ಕಕ್ಕೆ ನನ್ನನ್ನು ತಳ್ಳಿದ್ದು ಅದೇ ಮೂರು.

ಅಪ್ಪ ಇಪ್ಪತ್ತೆಂಟು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವನು. ಅಂಗಡಿ ಅವನದಲ್ಲ. ಫಾರ್ಮಸಿ ಓದಿ ಪರವಾನಗಿ ಪಡೆದ ಮಾಲೀಕರು ಒಳಕೋಣೆಯಲ್ಲಿ ಪೇಪರು ಓದುತ್ತಾ ಕೂರುತ್ತಾರೆ, ಅವರ ಸರ್ಟಿಫಿಕೇಟು ಗೋಡೆಯ ಮೇಲೆ ಕೂರುತ್ತದೆ, ನಿಂತಿರುವುದು ಅಪ್ಪ ಒಬ್ಬನೇ. ಅಪ್ಪ ಓದಿದ್ದು ಹತ್ತನೆಯ ತರಗತಿ. ಆದರೆ ಯಾವ ಡಾಕ್ಟರು ಏನು ಗೀಚಿದ್ದರೂ ಅವನಿಗೆ ನೀರು ಕುಡಿದಷ್ಟು ಸುಲಭ. ಬೇರೆ ಅಂಗಡಿಯವರೂ ತಮಗೆ ಅರ್ಥವಾಗದ ಚೀಟಿಗಳನ್ನು ಗಿರಾಕಿಯ ಕೈಯಲ್ಲೇ ಅವನ ಹತ್ತಿರ ಕಳಿಸುತ್ತಿದ್ದರು.

ಎಂಟು ವರ್ಷದವಳಿದ್ದಾಗಿನಿಂದ ಶಾಲೆ ಬಿಟ್ಟ ಮೇಲೆ ನಾನು ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಇರುತ್ತಿದ್ದೆ. ಅಪ್ಪ ಚೀಟಿಯ ಮುಕ್ಕಾಲು ಭಾಗವನ್ನು ಅಂಗೈಯಿಂದ ಮುಚ್ಚಿ, ಮೊದಲ ಸಾಲು ಮಾತ್ರ ತೋರಿಸಿ, ಕೆಳಗೇನಿದೆ ಹೇಳು ನೋಡೋಣ ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ಸರಿ ಇರುತ್ತಿತ್ತು. “ಅಕ್ಷರ ಓದ್ಬೇಡ ಮಗಳೇ, ಡಾಕ್ಟರನ್ನ ಓದು” ಅನ್ನುತ್ತಿದ್ದ. “ಮಕ್ಕಳ ಡಾಕ್ಟ್ರು ಶನಿವಾರ ಆತುರದಲ್ಲಿ ಒಂದು ಸೊನ್ನೆ ಬಿಡ್ತಾರೆ, ನಾವು ಸೇರಿಸ್ಕೋಬೇಕು. ಆ ಮೂಳೆ ಡಾಕ್ಟ್ರು ಎಲ್ಲರಿಗೂ ಹತ್ತು ದಿನಕ್ಕೆ ಬರೀತಾರೆ, ಅವರ ಮನಸ್ಸಲ್ಲಿರೋದು ಐದೇ.” ಗಿರಾಕಿಗಳು, ನಿನ್ನ ಮಗಳು ಅರ್ಧ ಡಾಕ್ಟರು ಕಣಪ್ಪ ಅನ್ನುತ್ತಿದ್ದರು. ಅಪ್ಪ ಹಲ್ಲು ಬಿಡುತ್ತಿದ್ದ.

ನನಗೆ ಫಾರ್ಮಸಿ ಬೇಕಾಗಿದ್ದು ಅಪ್ಪನಿಗೋಸ್ಕರ ಅಂತ ಮನೆಯವರೆಲ್ಲ ತಿಳಿದಿದ್ದರು. ಅದು ಸುಳ್ಳು. ಈ ಮಾತ್ರೆಯನ್ನು ಊಟಕ್ಕೆ ಮುಂಚೆಯೇ ಯಾಕೆ ನುಂಗಬೇಕು ಅಂತ ಗಿರಾಕಿಗಳು ಕೇಳಿದಾಗಲೆಲ್ಲ ಅಪ್ಪ, ಹಾಗೇ ಬರೆದಿದ್ದಾರೆ ನುಂಗಿ ಅನ್ನುತ್ತಿದ್ದ. ಆ ‘ಯಾಕೆ’ಗೆ ಉತ್ತರ ಎಲ್ಲಿ ಸಿಗುತ್ತದೋ ಅಲ್ಲಿಗೆ ನಾನು ಹೋಗಬೇಕಿತ್ತು. ಹನ್ನೆರಡು ವರ್ಷ ಆ ಪೆಟ್ಟಿಗೆಗಳ ಹೊರಗಿನ ಬಣ್ಣವನ್ನೇ ನೋಡಿದ್ದೆ. ಒಳಗೆ ಹೋಗುವ ಆಸೆ ಹೊಟ್ಟೆಯಲ್ಲಿ ಹಸಿವಿನ ಹಾಗೇ ಕೂತಿತ್ತು.

ಸಂದರ್ಶನದ ದಿನ ಮೇಜಿನ ಆಚೆ ಮೂವರಿದ್ದರು. ನಡುವೆ ಕೂತವರು ವಿಭಾಗದ ಮುಖ್ಯಸ್ಥೆ. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ಒಂದು ಚೀಟಿಯನ್ನು ನನ್ನ ಕಡೆ ಸರಿಸಿ, “ಇದನ್ನ ಓದಮ್ಮ” ಅಂದರು. ನನಗೆ ನಗು ಬಂತು. ಓದಲು ಬರದವರಿಗೆ ಕೊಡುವ ಪರೀಕ್ಷೆಯನ್ನು ನನಗೆ ಕೊಟ್ಟಿದ್ದರು. ಮೂರೂ ಸಾಲನ್ನು ಒಂದೇ ಉಸಿರಿಗೆ ಓದಿದೆ. ಇನ್ನೊಂದು ಸಲ ಓದು ಅಂದರು. ಇನ್ನೂ ಜೋರಾಗಿ ಓದಿದೆ.

“ಮೂರನೇ ಸಾಲು?”

“ಮೆಥೊಟ್ರೆಕ್ಸೇಟ್, ಕೀಲುವಾತಕ್ಕೆ ಕೊಡೋದು ಮೇಡಂ. ವಾರಕ್ಕೊಂದು.”

ಅವರು ಪೆನ್ನಿನ ತುದಿಯನ್ನು ಆ ಸಾಲಿನ ಕೆಳಗಿಟ್ಟರು. ಅಲ್ಲಿದ್ದದ್ದು ‘ದಿನಕ್ಕೊಂದು’. ಗೀಚಿದ ಅಕ್ಷರವೂ ಅಲ್ಲ, ದುಂಡಗೆ ಮುತ್ತಿನ ಹಾಗೆ ಬರೆದಿತ್ತು.

“ಇದನ್ನ ದಿನಾ ನುಂಗಿದ್ರೆ ಏನಾಗುತ್ತೆ ಗೊತ್ತಾ?”

“ಸತ್ತೇ ಹೋಗ್ತಾರೆ ಮೇಡಂ.”

“ಅಷ್ಟೆಲ್ಲ ಗೊತ್ತಿದ್ದೂ ನಿನ್ನ ಕಣ್ಣಿಗೆ ತಪ್ಪು ಬೀಳಲೇ ಇಲ್ಲ. ಇಲ್ಲದೇ ಇದ್ದದ್ದನ್ನ ಎರಡೆರಡು ಸಲ ಓದ್ದೆ.”

ಆ ಮಾತ್ರೆಯ ಹೆಸರೇ ಕೇಳದ ಹುಡುಗರು ‘ದಿನಕ್ಕೊಂದು’ ಅಂತ ಇದ್ದ ಹಾಗೇ ಓದಿ ಅರ್ಧದಷ್ಟು ಅಂಕ ತೆಗೆದುಕೊಂಡು ಹೋಗಿದ್ದರು. ಡಾಕ್ಟರನ್ನು ಒಂದು ಸಲ ಕೇಳುತ್ತೇನೆ ಅಂದವರಿಗೆ ಪೂರ್ತಿ ಕೊಟ್ಟರಂತೆ. ನನಗೆ ಮೂರು ಯಾಕೆ ಕೊಟ್ಟರೋ, ಬಹುಶಃ ನಮಸ್ಕಾರ ಮಾಡಿದ್ದಕ್ಕೆ ಇರಬೇಕು.

ಮನೆಗೆ ಬಂದಾಗ ಅಪ್ಪ ಅಂಗಿ ಕೂಡ ಬದಲಿಸದೆ ಬಾಗಿಲಲ್ಲೇ ನಿಂತಿದ್ದ. ಏನು ಕೇಳಿದರು ಅಂದ. ಭೌತಶಾಸ್ತ್ರ ಅಂದುಬಿಟ್ಟೆ. ಯಾವತ್ತೋ ಕೈಕೊಟ್ಟ ವಿಷಯ, ಇನ್ನೊಂದು ಸಲ ಕೈಕೊಟ್ಟರೆ ಯಾರೂ ಅನುಮಾನ ಪಡುವುದಿಲ್ಲ. ನೀನು ಕಲಿಸಿದ್ದರಿಂದಲೇ ಹೋಯಿತು ಅಂತ ಯಾವ ಬಾಯಲ್ಲಿ ಹೇಳಲಿ? ಅಪ್ಪ ಕಾಲೇಜಿನವರನ್ನು ಬಾಯಿಗೆ ಬಂದಂತೆ ಬೈದ. “ಮಾತ್ರೆ ಕೊಡೋರಿಗೆ ಭೌತಶಾಸ್ತ್ರ ಯಾಕಂತೆ? ಒಂದು ಚೀಟಿ ಕೊಟ್ಟು ನೋಡ್ಬೇಕಿತ್ತು ನನ್ನ ಮಗಳಿಗೆ!” ಅಂದ. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಅಮ್ಮ ಬೈಯಲಿಲ್ಲ. ಅವಳು ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಯಾರ ಕಣ್ಣೀರಿಗೂ ಕೊನೆಯ ದಿನಾಂಕ ಮುಂದೆ ಹೋಗುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಮಾರನೆಯ ದಿನವೇ ಒಂದು ದೊಡ್ಡ ಲಕೋಟೆಯಲ್ಲಿ ಬೇರೆ ಬೇರೆ ಕೋರ್ಸುಗಳ ಅರ್ಜಿ ತಂದು ನನ್ನ ಮುಂದಿಟ್ಟಳು. ಪ್ರತಿಯೊಂದರ ಮೇಲೂ ಕೆಂಪು ಪೆನ್ನಿನಲ್ಲಿ ದಿನಾಂಕ ಬರೆದಿದ್ದಳು.

ನರ್ಸಿಂಗ್ ಇತ್ತು. ನರ್ಸ್ ಆಗಿದ್ದ ಚಿಕ್ಕಮ್ಮ ಅದಕ್ಕೆಂದೇ ಮನೆಗೆ ಬಂದು, “ನಮ್ಮ ಕಡೆ ಬಾರೇ. ಮಾತ್ರೆ ಕೊಡೋದೂ ನಾವೇ, ನುಂಗ್ಸೋದೂ ನಾವೇ, ಬೈಸ್ಕೊಳ್ಳೋದೂ ನಾವೇ” ಅಂದಳು. ರಕ್ತ ಪರೀಕ್ಷೆಯ ಲ್ಯಾಬಿನ ಕೋರ್ಸು ಇತ್ತು. ರಕ್ತ ಕಂಡರೆ ನನ್ನ ಕಾಲು ನಿಲ್ಲುವುದಿಲ್ಲ. ಫಾರ್ಮಸಿಯಲ್ಲೇ ಎರಡು ವರ್ಷದ ಡಿಪ್ಲೊಮಾ ಒಂದಿತ್ತು, ಅದನ್ನು ಆ ವರ್ಷವೇ ನಿಲ್ಲಿಸಿದ್ದರು. ಕೊನೆಗೆ ಉಳಿದದ್ದು ರಸಾಯನಶಾಸ್ತ್ರದ ಪದವಿ. ಅದಕ್ಕೆ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ನನ್ನ ಅಂಕಪಟ್ಟಿ ನೋಡಿದರೆ ಸಾಕು, ಸೀಟು ಕೊಡುತ್ತಾರೆ.

ತೊಡಕಿದ್ದದ್ದು ಅಂಕಪಟ್ಟಿಯಲ್ಲೇ. ಎಲ್ಲೇ ಸೇರಲಿ, ಮೂಲ ಅಂಕಪಟ್ಟಿಯನ್ನು ಅಲ್ಲಿ ಕೊಟ್ಟುಬಿಡಬೇಕು, ನಕಲು ನಡೆಯುವುದಿಲ್ಲ. ರಸಾಯನಶಾಸ್ತ್ರಕ್ಕೆ ಕೊಟ್ಟರೆ ಫಾರ್ಮಸಿಯ ಕಾಯುವ ಪಟ್ಟಿಯಿಂದ ಹೆಸರು ಹೋಗುತ್ತದೆ. ಕೊಡದೆ ಫಾರ್ಮಸಿಗೆ ಕಾದು ಕೂತು ಅದೂ ಸಿಗದಿದ್ದರೆ ಎರಡೂ ಹೋಗುತ್ತವೆ. ಫಾರ್ಮಸಿಯ ಪಟ್ಟಿ ಮುಗಿಯುವುದು ಗುರುವಾರ ನಾಲ್ಕು ಗಂಟೆಗೆ. ರಸಾಯನಶಾಸ್ತ್ರದ ಕಿಟಕಿ ಮುಚ್ಚುವುದು ಅದೇ ಗುರುವಾರ ಐದಕ್ಕೆ. ಎರಡು ಕಾಲೇಜಿನ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆ.

“ಬುಧವಾರವೇ ಹೋಗಿ ರಸಾಯನಶಾಸ್ತ್ರಕ್ಕೆ ಸೇರ್ಕೋ. ಜಂಭ ಬೇಡ” ಅಂದಳು ಅಮ್ಮ.

“ಅವಳು ಕಾಯ್ತಾಳೆ. ಅವಳ ಸೀಟು ಅವಳಿಗೆ ಬಂದೇ ಬರುತ್ತೆ” ಅಂದ ಅಪ್ಪ.

ಇಬ್ಬರೂ ನನ್ನ ಮುಖ ನೋಡಿದರು. ನನಗೆ ಇಬ್ಬರ ಮೇಲೂ ರೇಗಿತು. ಎದ್ದು ಹೋಗಿ ಬಚ್ಚಲ ಮನೆಯ ಬಾಗಿಲು ಹಾಕಿಕೊಂಡು ಅತ್ತೆ. ನಲ್ಲಿ ಬಿಟ್ಟುಕೊಂಡು ಅತ್ತೆ, ಕೇಳಿಸಬಾರದು ಅಂತ. ಅಮ್ಮ ಹೊರಗಿನಿಂದ, ನೀರು ಸುಮ್ಮನೆ ಹರಿಸ್ಬೇಡ ಅಂದಳು.

ಅವತ್ತಿನಿಂದ ದಿನಾ ಫಾರ್ಮಸಿ ಕಾಲೇಜಿಗೆ ಹೋದೆ. ಪ್ರವೇಶ ಕಚೇರಿಯ ಕಿಟಕಿಯಲ್ಲಿ ಒಬ್ಬ ಗುಮಾಸ್ತೆ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ “ಇನ್ನೂ ಇಲ್ಲಮ್ಮ” ಅನ್ನುತ್ತಿದ್ದಳು. ಅದೇ ಅವಳಿಗೆ ಹೆಸರಾಯಿತು. ಮನೆಯಲ್ಲಿ ಅಪ್ಪ, ಇವತ್ತು ಇನ್ನೂ-ಇಲ್ಲಮ್ಮ ಏನಂದಳು ಅಂತ ಕೇಳುತ್ತಿದ್ದ. ಸೋಮವಾರ ಒಬ್ಬ ಸೀಟು ಬಿಟ್ಟ, ನಾನು ಮೂರನೆಯವಳಾದೆ. ಮಂಗಳವಾರ ಇಬ್ಬರು ಬಿಟ್ಟರು. ನಾನು ಮೊದಲನೆಯವಳು! ಮನೆಯವರೆಗೂ ಓಡಿಕೊಂಡೇ ಬಂದೆ. ಅದೇ ಸಂಜೆ ನರ್ಸಿಂಗಿನ ಕೊನೆಯ ದಿನಾಂಕ ಮುಗಿದದ್ದು ನನಗೆ ನೆನಪೇ ಆಗಲಿಲ್ಲ. ಅಮ್ಮ ಲಕೋಟೆಯಿಂದ ಆ ಅರ್ಜಿಯನ್ನು ತೆಗೆದು, ಮಡಚಿ, ಹಿಂಬದಿಯಲ್ಲಿ ತರಕಾರಿಯ ಪಟ್ಟಿ ಬರೆದಳು.

ಬುಧವಾರ ಯಾರೂ ಬಿಡಲಿಲ್ಲ. ಆದರೆ ಮೂವತ್ತೇಳನೆಯ ಸಂಖ್ಯೆಯ ಅಭ್ಯರ್ಥಿ ಇನ್ನೂ ಬಂದು ಹಾಜರಾಗಿಲ್ಲ ಅಂತ ಇನ್ನೂ-ಇಲ್ಲಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. “ನಾಳೆ ನಾಲ್ಕರೊಳಗೆ ಬರ್ದಿದ್ರೆ ನೀನೇ. ಮೂಲ ದಾಖಲೆ ತಂದಿರು” ಅಂದಳು. ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸಿತು. ನಡುವೆ ಗಾಜಿತ್ತು.

ಗುರುವಾರ ಎರಡೂವರೆಗೇ ಹೋಗಿ ಕಿಟಕಿಯ ಎದುರಿನ ಬೆಂಚಿನಲ್ಲಿ ಕೂತೆ. ಫೈಲನ್ನು ಎದೆಗೆ ಅವಚಿಕೊಂಡಿದ್ದೆ. ಗೋಡೆಯ ಗಡಿಯಾರ ಮೂರು ನಿಮಿಷ ಹಿಂದಿತ್ತು. ಆ ಮೂರು ನಿಮಿಷ ಯಾರ ಲೆಕ್ಕಕ್ಕೆ ಅಂತ ಗುಮಾಸ್ತೆಯನ್ನು ಕೇಳಿಯೂ ಕೇಳಿದೆ. ಬಾಗಿಲಲ್ಲಿ ಯಾರದೇ ಕಾಲಿನ ಸದ್ದಾದರೂ ಜೀವ ಬಾಯಿಗೆ ಬರುತ್ತಿತ್ತು. ಮೂರೂ ಹತ್ತಕ್ಕೆ ಬಾಗಿಲಲ್ಲಿ ಕಾಣಿಸಿದ್ದು ಅಪ್ಪ.

ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಅಂಗಡಿಯದೇ ಪೆನ್ನು. “ಸುಮ್ನೆ ಕೂತ್ರೆ ಆಗಲ್ಲ. ಆ ಮುಖ್ಯಸ್ಥೆ ಎಲ್ಲಿ? ಎರಡು ಮಾತು ಆಡ್ತೀನಿ” ಅಂದ.

“ಬೇಡಪ್ಪ. ದಮ್ಮಯ್ಯ, ಬೇಡ.”

“ಜಗಳ ಆಡಲ್ಲ ಕಣೇ. ಭೌತಶಾಸ್ತ್ರದಲ್ಲಿ ಹಿಂದೆ ಇರಬಹುದು, ಆದ್ರೆ ಔಷಧಿಲಿ ಎಂಥವಳು ಅಂತ ಹೇಳ್ಬೇಕಲ್ಲ ಯಾರಾದ್ರೂ.”

ಹಿಡಿದ ಕೈ ಬಿಡಿಸಿಕೊಂಡು ಹೋದ. ನಾನು ಹಿಂದೆಯೇ ಓಡಿದೆ. ಮುಖ್ಯಸ್ಥೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ಬನ್ನಿ ಅಂದರು, ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ. ಕೌಂಟರಿನ ಹಿಂದೆ ನಿಂತ ಹಾಗೇ ಮೇಜಿನ ಅಂಚಿಗೆ ಎರಡೂ ಕೈ ಊರಿ ನಿಂತ. ಹನ್ನೆರಡು ವರ್ಷ ನನ್ನ ಹತ್ತಿರ ಕಲಿತವಳು ಮೇಡಂ, ಇಂಥವಳಿಗೆ ಭೌತಶಾಸ್ತ್ರ ಕೇಳಿ ಮೂರು ಅಂಕ ಕೊಟ್ಟರೆ ಹೇಗೆ ಅಂದ.

“ಸಂದರ್ಶನದಲ್ಲಿ ನಾವು ಭೌತಶಾಸ್ತ್ರ ಕೇಳೋದೇ ಇಲ್ಲವಲ್ಲ” ಅಂದರು ಮುಖ್ಯಸ್ಥೆ. ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ, ಮಾತು ಅಲ್ಲಿಗೇ ಬಿಡಲು ನೋಡಿದರು. ಅಪ್ಪ ಬಿಡಬೇಕಲ್ಲ. ಮತ್ತೇನು ಕೇಳಿದಿರಿ, ನನಗೂ ತೋರಿಸಿ ಅಂದ. ಅವರು ಕಪಾಟಿನಿಂದ ಆ ಚೀಟಿ ತೆಗೆದು ಕೊಟ್ಟರು.

ಅಪ್ಪ ಅದನ್ನು ಬೆಳಕಿಗೆ ಕೂಡ ಹಿಡಿಯಲಿಲ್ಲ. ನನ್ನನ್ನು ನೋಡಿ ಕಣ್ಣು ಮಿಟುಕಿಸಿ ಗಟ್ಟಿಯಾಗಿ ಓದಿದ. ಮೊದಲ ಸಾಲು, ಎರಡನೆಯ ಸಾಲು. “ಮೂರನೇದು ಕೀಲುವಾತದ್ದು, ವಾರಕ್ಕೊಂದು. ಇಷ್ಟೇನಾ ಮೇಡಂ? ಇದನ್ನ ಇವಳು ಆರನೇ ಕ್ಲಾಸಲ್ಲೇ ಓದ್ತಿದ್ಲು.”

ಪಕ್ಕದ ಕೋಣೆಯಲ್ಲಿ ಯಾರೋ ಗಾಜಿನ ಸಾಮಾನು ತೊಳೆಯುತ್ತಿದ್ದರು. ಮುಖ್ಯಸ್ಥೆ ಮೆತ್ತಗೆ, ಮೂರನೆಯ ಸಾಲನ್ನು ಇನ್ನೊಂದು ಸಲ ನೋಡಿ ಅಂದರು. ಅಪ್ಪ ನೋಡಿದ. ಈ ಸಲ ತುಟಿ ಅಲ್ಲಾಡಿಸುತ್ತಾ ಒಂದೊಂದೇ ಅಕ್ಷರ ಓದಿದ.

“ದಿನಕ್ಕೊಂದು ಅಂತಿದೆ” ಅಂದ. ಆಮೇಲೆ, “ಆದ್ರೆ ಇದನ್ನ ಯಾರೂ ದಿನಾ ಕೊಡಲ್ಲ ಮೇಡಂ. ಡಾಕ್ಟ್ರ ಮನಸ್ಸಲ್ಲಿದ್ದದ್ದು ವಾರಕ್ಕೊಂದೇ. ನಾನು ಕೊಟ್ಟಿದ್ರೆ ವಾರಕ್ಕೊಂದು ಅಂತಾನೇ ಕವರಿನ ಮೇಲೆ ಬರ್ದು ಕೊಡ್ತಿದ್ದೆ. ರೋಗಿ ಉಳೀತಿದ್ದ.”

“ಈ ಸಲ ಉಳೀತಿದ್ದ. ಡಾಕ್ಟರಿಗೆ ಫೋನ್ ಮಾಡ್ತಿದ್ರಾ?”

“ನಾನಾ?” ಅಪ್ಪ ನಕ್ಕ. “ಕೌಂಟರಿನವನು ಫೋನ್ ಮಾಡಿ ನೀವು ತಪ್ಪು ಬರ್ದಿದ್ದೀರಿ ಅಂದ್ರೆ ಯಾವ ಡಾಕ್ಟ್ರು ಕೇಳ್ತಾರೆ ಮೇಡಂ? ಒಂದೇ ಒಂದು ಸಲ ಮಾಡಿದ್ದೆ, ಬಹಳ ಹಿಂದೆ. ನೀನು ಯಾರು ಅಂದ್ರು. ಅವತ್ತಿಂದ ನಾನೇ ಸರಿ ಮಾಡ್ಕೋತೀನಿ.”

“ಫೋನ್ ಮಾಡಿ ಕೇಳೋ ಹಕ್ಕಿರೋರು ಬೇಕು ಅಂತಾನೇ ನಾಲ್ಕು ವರ್ಷ ಓದ್ಸೋದು” ಅಂದರು ಅವರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಚುಚ್ಚಿದ್ದರೆ ಅಪ್ಪ ಜಗಳವನ್ನಾದರೂ ಆಡುತ್ತಿದ್ದ. ಚೀಟಿಯನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟು, ಸರಿ ಮೇಡಂ, ಬರ್ತೀವಿ ಅಂದ.

ಹೊರಗೆ ಬಂದು ಬೆಂಚಿನಲ್ಲಿ ಪಕ್ಕಪಕ್ಕ ಕೂತೆವು. ಮೂರೂ ನಲವತ್ತು. “ನಿಂಗೂ ಇದೇ ಚೀಟಿ ಕೊಟ್ಟಿದ್ದಾ?” ಅಂದ. ಹೂಂ ಅಂದೆ. “ನೀನೂ ವಾರಕ್ಕೊಂದು ಅಂತ ಓದ್ದೆಯಾ?” ಹೌದು ಅಂತ ತಲೆಯಾಡಿಸಿದೆ. ಅಪ್ಪ ತನ್ನ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ನೋಡುತ್ತಾ ಕೂತ. ಆ ಸುಳ್ಳಿಗಾಗಿ ನನ್ನನ್ನು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ.

ಮೂರೂ ಐವತ್ತೆರಡಕ್ಕೆ ಮೂವತ್ತೇಳನೆಯವಳು ಬಂದಳು. ನನ್ನದೇ ವಯಸ್ಸಿನ ಹುಡುಗಿ, ಹಿಂದೆ ಏದುಸಿರು ಬಿಡುತ್ತಾ ಅವಳಮ್ಮ. ದೂರದ ಊರಂತೆ, ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಕಿಟಕಿಯ ಮುಂದೆ ನಿಂತು ಅಳುತ್ತಾ, ತಡ ಆಗಲಿಲ್ಲ ತಾನೇ ಮೇಡಂ, ಆಗಲಿಲ್ಲ ತಾನೇ ಅಂತ ಕೇಳುತ್ತಿದ್ದಳು. ಇನ್ನೂ-ಇಲ್ಲಮ್ಮ ನನ್ನ ಕಡೆ ನೋಡದೆ, ಇಲ್ಲಮ್ಮ, ಸಹಿ ಮಾಡು ಅಂದಳು. ಹುಡುಗಿ ಚೀಲವನ್ನೆಲ್ಲ ತಡಕಾಡಿ, ತಿರುಗಿ, ಹತ್ತಿರದಲ್ಲಿದ್ದ ನನ್ನನ್ನೇ ಕೇಳಿದಳು: “ಅಕ್ಕಾ, ಪೆನ್ ಇದ್ಯಾ?”

ಕೊಡಬಾರದು ಅಂತ ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಎಂಟು ನಿಮಿಷ ಪೆನ್ನು ಸಿಗದಿದ್ದರೆ ಸಾಕಿತ್ತು. ಅಷ್ಟರಲ್ಲಿ ಅಪ್ಪನ ಕೈ ಜೇಬಿಗೆ ಹೋಗಿತ್ತು. ಅವನು ಎದ್ದು ಹೋಗಿ ಪೆನ್ನು ಕೊಟ್ಟ, ಅವಳು ಸಹಿ ಮಾಡುವವರೆಗೂ ನಿಂತಿದ್ದು ವಾಪಸು ತಂದ.

“ಏಳು. ನಾಲ್ಕಾಯ್ತು” ಅಂದ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದೆವು. ಮೂರು ವರ್ಷ ಹೋಯಿತು, ನಾಲ್ಕನೆಯ ಸಲ ಅನ್ನುವುದೇ ಇಲ್ಲ ಅಂತ ಒಳಗೆ ಒಂದೇ ಸಮನೆ ಬಡಿಯುತ್ತಿತ್ತು. ಅಪ್ಪ ಕಿಟಕಿಯಾಚೆ ನೋಡುತ್ತಾ ಇದ್ದವನು ತಟ್ಟನೆ ಕೇಳಿದ: “ಇಪ್ಪತ್ತೆಂಟು ವರ್ಷ ನಾನು ಹೀಗೇ ಓದಿದ್ದೀನಲ್ಲ. ಎಷ್ಟು ತಪ್ಪಿರಬಹುದು?”

“ಒಂದೂ ಇಲ್ಲಪ್ಪ.”

“ನಿಂಗೆ ಹೇಗೆ ಗೊತ್ತು?”

“ತಪ್ಪಿದ್ರೆ ಯಾರಾದ್ರೂ ಬಂದು ಹೇಳ್ತಿದ್ರು.”

“ಹೇಳೋಕೆ ಬರೋ ಸ್ಥಿತೀಲಿ ಇದ್ದಿದ್ರೆ” ಅಂದ. “ಸೊನ್ನೆ ಸೇರಿಸ್ತಿದ್ದೆ ಕಣೇ. ನಾನಾಗಿ ನಾನೇ ಸೊನ್ನೆ ಸೇರಿಸ್ತಿದ್ದೆ, ಮಕ್ಕಳ ಚೀಟೀಗೆ.”

ನನ್ನ ಸೀಟು ಹೋದದ್ದು ಆ ಹೊತ್ತಿನಲ್ಲಿ ನನಗೆ ಮರೆತೇ ಹೋಯಿತು. ಅವನ ಕೈಯ ಮೇಲೆ ಕೈ ಇಟ್ಟೆ. ಏನು ಹೇಳಿದರೂ ಅದು ಇನ್ನೊಂದು ಸುಳ್ಳಾಗುತ್ತಿತ್ತು.

ಎರಡನೆಯ ಕಾಲೇಜಿನ ಕಿಟಕಿಗೆ ಬಂದಾಗ ನಾಲ್ಕೂ ನಲವತ್ತೈದು. ನಮ್ಮ ಮುಂದೆ ಇದ್ದವರು ಇಬ್ಬರೇ. ರಸಾಯನಶಾಸ್ತ್ರವಾ ಅಂದ ಗುಮಾಸ್ತ. ಹೌದು ಅಂದೆ. ಅರ್ಜಿ ತುಂಬಿದೆ, ಫೋಟೊ ಅಂಟಿಸಿದೆ, ಫೈಲಿನಿಂದ ಮೂಲ ಅಂಕಪಟ್ಟಿ ತೆಗೆದು ಮೇಲಿಟ್ಟೆ. ಕೊನೆಯ ಪುಟದಲ್ಲಿ ಪೋಷಕರ ಸಹಿ ಬೇಕಿತ್ತು. ಅಪ್ಪ ಯಾವ ಕಾಗದವನ್ನೂ ಓದಿ ಸಹಿ ಹಾಕಿದವನಲ್ಲ. ಬೆರಳಿಟ್ಟು ತೋರಿಸಿದ ಕಡೆ ಹಾಕುತ್ತಿದ್ದ. ನಾನು ಬೆರಳಿಟ್ಟು ತೋರಿಸಿದೆ.

“ಓದು” ಅಂದ.

“ಏನಿಲ್ಲಪ್ಪ, ಎಲ್ಲಾ ಕಡೆ ಇರೋದೇ.”

“ಇದ್ದದ್ದನ್ನ ಇದ್ದ ಹಾಗೆ ಓದು.”

ಗುಮಾಸ್ತ ಗಡಿಯಾರ ನೋಡಿದ. ನಾನು ಓದಿದೆ. “ಈ ಪ್ರವೇಶವನ್ನು ನಾನು ಸ್ವಂತ ಇಚ್ಛೆಯಿಂದ ಒಪ್ಪಿಕೊಂಡಿರುತ್ತೇನೆ. ಇನ್ನು ಮುಂದೆ ಬೇರೆ ಯಾವುದೇ ಕೋರ್ಸಿನ ಪ್ರವೇಶಕ್ಕೆ ನನಗೆ ಹಕ್ಕು ಇರುವುದಿಲ್ಲ.”

“ಫಾರ್ಮಸಿ ಅಂತ ಬರ್ದಿದ್ದಾರಾ?”

“ಇಲ್ಲ. ಯಾವುದೇ ಕೋರ್ಸು ಅಂತಿದೆ.”

“ಸ್ವಂತ ಇಚ್ಛೆಯಿಂದ ಅಂತ ಇದ್ಯಾ, ನೀನೇ ಸೇರಿಸಿದ್ದಾ?”

“ಇದೆ ಅಪ್ಪ.”

ಅವನು ಜೇಬಿನಿಂದ ಪೆನ್ನು ತೆಗೆದ. ಮುಚ್ಚಳ ಬಿಚ್ಚಿ ಕಾಗದದ ಮೇಲೆ ಬಾಗಿ, ಬಾಗಿದವನು ಹಾಗೇ ನಿಂತ.

“ಇನ್ನೊಂದು ಸಲ ಓದು” ಅಂದ.

ಓದಿದೆ. ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದಿದೆ. ಆಮೇಲೆ ಅವನು ಸಹಿ ಹಾಕಿದ.